ವಿಳಾಸಪುಸ್ತಿಕೆಯ ಸ್ಥಳಾಂತರ: ತಂತ್ರಾಂಶ ಬದಲಾದರೂ ಸಂಪರ್ಕ ಉಳಿಸಿಕೊಳ್ಳುವ ಬಗೆ

ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ, ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಬೇಕಾದ ಯಂತ್ರಾಂಶ ಅನೇಕ ಹಳೆಯ ಕಂಪ್ಯೂಟರುಗಳಲ್ಲಿ ಇಲ್ಲದ ಕಾರಣ, ಮನೆಗಳಲ್ಲೂ ಸಣ್ಣ ಕಚೇರಿಗಳಲ್ಲೂ ಯಂತ್ರವನ್ನೇ ಬದಲಾಯಿಸುವ ಪ್ರಸಂಗ ಒದಗಿದೆ. ಹೀಗೆ ಬದಲಾಯಿಸುವಾಗ ಪತ್ರಗಳು, ಲೆಕ್ಕದ ಹಾಳೆಗಳು, ಛಾಯಾಚಿತ್ರಗಳು ಪೆನ್‌ಡ್ರೈವಿನ ಮೂಲಕ ಸುಲಭವಾಗಿ ಹೊಸ ಯಂತ್ರವನ್ನು ಸೇರುತ್ತವೆ. ಆದರೆ ವರ್ಷಗಳಿಂದ ಒಂದೊಂದಾಗಿ ಕೂಡಿಟ್ಟ ಇಮೇಲ್ ವಿಳಾಸಗಳು, ದೂರವಾಣಿ ಸಂಖ್ಯೆಗಳು ಹಾಗೂ ಅಂಚೆ ವಿಳಾಸಗಳ ಸಂಗ್ರಹವು ಹಳೆಯ ಯಂತ್ರದಲ್ಲಿಯೇ ಉಳಿದುಬಿಡುತ್ತದೆ, ಇಲ್ಲವೇ ಹೊಸ ಯಂತ್ರಕ್ಕೆ ಬಂದರೂ ಅರ್ಧಂಬರ್ಧವಾಗಿ, ಅಕ್ಷರಗೆಟ್ಟು ಬರುತ್ತದೆ. ಈ ನಷ್ಟವನ್ನು ತಪ್ಪಿಸುವುದು ಕಷ್ಟವಲ್ಲ. ಆದರೆ ಅದು ಏಕೆ ಸಂಭವಿಸುತ್ತದೆ ಎಂಬುದನ್ನು ತಿಳಿಯದೆ ತಪ್ಪಿಸಲು ಸಾಧ್ಯವಿಲ್ಲ.

ಪತ್ರವೊಂದನ್ನೋ ಚಿತ್ರವೊಂದನ್ನೋ ಮೊದಲಿನಿಂದಲೂ ಒಬ್ಬರಿಂದ ಇನ್ನೊಬ್ಬರಿಗೆ ಕಳುಹಿಸುವ ಉದ್ದೇಶದಿಂದಲೇ ರೂಪಿಸಲಾಗಿರುವುದರಿಂದ, ಆ ಕಡತದ ಒಳವಿನ್ಯಾಸ, ಎಂದರೆ ಮಾಹಿತಿಯು ಅದರೊಳಗೆ ಯಾವ ಕ್ರಮದಲ್ಲಿ ಯಾವ ಗುರುತುಗಳೊಂದಿಗೆ ಕೂತಿದೆ ಎಂಬ ವಿವರವು, ಹಲವಾರು ತಂತ್ರಾಂಶಗಳಿಗೆ ಗೊತ್ತಿರುತ್ತದೆ. ವಿಳಾಸಪುಸ್ತಿಕೆಯಾದರೋ ಇಮೇಲ್ ತಂತ್ರಾಂಶವು ತನ್ನ ಸ್ವಂತ ಅನುಕೂಲಕ್ಕೆ, ಹೆಸರನ್ನು ಬೇಗ ಹುಡುಕಿ ಕೊಡುವ ಸಲುವಾಗಿ, ತನ್ನೊಳಗೆ ಇಟ್ಟುಕೊಳ್ಳುವ ದತ್ತಸಂಚಯ. ಅದರ ವಿನ್ಯಾಸ ಆ ತಂತ್ರಾಂಶಕ್ಕೆ ಮಾತ್ರ, ಎಷ್ಟೋ ವೇಳೆ ಅದರ ಒಂದು ನಿರ್ದಿಷ್ಟ ಆವೃತ್ತಿಗೆ ಮಾತ್ರ ಗೊತ್ತಿರುತ್ತದೆ. ಶಾನುಭೋಗರು ಕಡತಗಳಲ್ಲಿ ಬರೆದಿಟ್ಟ ಮೋಡಿ ಅಕ್ಷರದ ಲೆಕ್ಕಗಳು ಕನ್ನಡದಲ್ಲೇ ಇದ್ದರೂ ಆ ಬರಹದಲ್ಲಿ ಪಳಗಿದವರಿಗಲ್ಲದೆ ಉಳಿದವರಿಗೆ ಹೇಗೆ ದಕ್ಕುವುದಿಲ್ಲವೋ ಹಾಗೆಯೇ, ತಂತ್ರಾಂಶದ ಖಾಸಗಿ ಕಡತದಲ್ಲಿ ಮಾಹಿತಿ ಪೂರ್ತಿಯಾಗಿ ಇದ್ದರೂ ಅದನ್ನು ಓದಬಲ್ಲ ತಂತ್ರಾಂಶ ಇಲ್ಲದಿದ್ದರೆ ಅದು ನಿರುಪಯುಕ್ತ. ಆದ್ದರಿಂದ ಕಡತವನ್ನು ನಕಲು ಮಾಡಿಕೊಂಡ ಮಾತ್ರಕ್ಕೆ ವಿಳಾಸಗಳು ದೊರೆತಂತಾಗುವುದಿಲ್ಲ.

ಒಂದೇ ಸಂಸ್ಥೆಯ ತಂತ್ರಾಂಶಗಳಲ್ಲಿಯೇ ಈ ವಿನ್ಯಾಸ ಎಷ್ಟು ಬಾರಿ ಬದಲಾಗಿದೆ ಎಂಬುದಕ್ಕೆ ವಿಂಡೋಸಿನ ಜೊತೆಗೆ ಬರುತ್ತಿದ್ದ ಇಮೇಲ್ ತಂತ್ರಾಂಶಗಳ ಚರಿತ್ರೆಯೇ ಸಾಕ್ಷಿ. 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರೊಂದಿಗೆ ಬಂದ ಔಟ್‌ಲುಕ್ ಎಕ್ಸ್‌ಪ್ರೆಸ್, ತನ್ನ ವಿಳಾಸಗಳನ್ನು ವಿಂಡೋಸ್ ಅಡ್ರೆಸ್ ಬುಕ್ ಎಂಬ ಜೊತೆ ತಂತ್ರಾಂಶದಲ್ಲಿ, ಡಬ್ಲ್ಯುಎಬಿ ಎಂಬ ಬಾಲನಾಮವುಳ್ಳ ಒಂದೇ ಕಡತದಲ್ಲಿ ಇಡುತ್ತಿತ್ತು. 2007ರ ಜನವರಿಯಲ್ಲಿ ಜನಸಾಮಾನ್ಯರಿಗೆ ದೊರೆತ ವಿಂಡೋಸ್ ವಿಸ್ಟಾದಲ್ಲಿ ಅದರ ಸ್ಥಾನಕ್ಕೆ ವಿಂಡೋಸ್ ಮೇಲ್ ಬಂದಿತು, ಮತ್ತು ಒಬ್ಬೊಬ್ಬ ವ್ಯಕ್ತಿಯ ವಿವರವೂ ಕಾಂಟ್ಯಾಕ್ಟ್ಸ್ ಎಂಬ ಫೋಲ್ಡರಿನಲ್ಲಿ ಬೇರೆ ಬೇರೆ ಕಡತವಾಯಿತು. 2009ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 7ರಲ್ಲಿ ಇಮೇಲ್ ತಂತ್ರಾಂಶವೇ ಇರಲಿಲ್ಲ. ಅಂತರಜಾಲದಿಂದ ಇಳಿಸಿಕೊಳ್ಳಬೇಕಾಗಿದ್ದ ವಿಂಡೋಸ್ ಲೈವ್ ಮೇಲ್ ಎಂಬುದು ವಿಳಾಸಗಳನ್ನು ಇನ್ನೊಂದು ಬಗೆಯ ದತ್ತಸಂಚಯದಲ್ಲಿ ಇಟ್ಟಿತು, ಮತ್ತು ಅದಕ್ಕೆ ಕೊಡುತ್ತಿದ್ದ ಬೆಂಬಲವೂ 2017ರ ಜನವರಿಯಲ್ಲಿ ನಿಂತಿತು. ವಿಂಡೋಸ್ 10ರ ಮೇಲ್ ಎಂಬ ಆ್ಯಪ್ ಕೂಡ 2024ರ ಕೊನೆಗೆ ಬೆಂಬಲ ಕಳೆದುಕೊಂಡು, ಹೊಸ ಔಟ್‌ಲುಕ್‌ಗೆ ಸ್ಥಾನ ಬಿಟ್ಟುಕೊಟ್ಟಿತು. ಇಪ್ಪತ್ತೇಳು ವರ್ಷಗಳ ಈ ಅವಧಿಯಲ್ಲಿ ಬಳಕೆದಾರರ ಸ್ನೇಹಿತರು, ಬಂಧುಗಳು, ಗ್ರಾಹಕರು ಬಹುಪಾಲು ಅವರೇ ಆಗಿದ್ದರೂ, ಅವರ ವಿಳಾಸಗಳನ್ನು ಹೊತ್ತ ಪಾತ್ರೆ ಮತ್ತೆ ಮತ್ತೆ ಬದಲಾಯಿತು.

ಕಚೇರಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವ, ಮೈಕ್ರೋಸಾಫ್ಟ್ ಆಫೀಸಿನ ಅಂಗವಾದ ಔಟ್‌ಲುಕ್ ಇವುಗಳಿಗಿಂತ ಬೇರೆಯಾದ ತಂತ್ರಾಂಶ. ಅದು ಪತ್ರ, ವಿಳಾಸ, ದಿನಚರಿ ಮೂರನ್ನೂ ಪಿಎಸ್‌ಟಿ ಎಂಬ ಒಂದೇ ಕಡತದಲ್ಲಿ ಇಡಬಲ್ಲದು. 2002ರವರೆಗಿನ ಆವೃತ್ತಿಗಳಲ್ಲಿ ಈ ಕಡತದ ಗಾತ್ರ 2 ಗಿಗಾಬೈಟ್ ಮೀರುವಂತಿರಲಿಲ್ಲ, ಮತ್ತು ಅದರ ಅಕ್ಷರಗಳು ಎಎನ್‌ಎಸ್‌ಐ ಎಂದು ರೂಢಿಯಲ್ಲಿ ಕರೆಯುವ ಪ್ರಾದೇಶಿಕ ಸಂಕೇತಪಟ್ಟಿಗಳನ್ನು ಅವಲಂಬಿಸಿದ್ದವು. ಔಟ್‌ಲುಕ್ 2003ರಲ್ಲಿ ಜಗತ್ತಿನ ಎಲ್ಲ ಲಿಪಿಗಳಿಗೂ ಸಲ್ಲುವ ಯೂನಿಕೋಡ್ ಸಂಕೇತವನ್ನು ಬಳಸುವ ಹೊಸ ಪಿಎಸ್‌ಟಿ ಬಂದಿತು. ಹೊಸ ಆವೃತ್ತಿಯು ಹಳೆಯ ಕಡತವನ್ನು ಓದಬಲ್ಲದು. ಹಳೆಯ ಆವೃತ್ತಿಯು ಹೊಸ ಕಡತವನ್ನು ತೆರೆಯಲಾರದು. ಹೊಸದು ಹಳೆಯದನ್ನು ಅರಿಯುವ ಈ ಗುಣಕ್ಕೆ ಹಿಮ್ಮುಖ ಹೊಂದಾಣಿಕೆ ಎಂದು ಹೆಸರು. ಮುಖ್ಯ ಕಚೇರಿಯ ಹೊಸ ಯಂತ್ರದಿಂದ ಶಾಖೆಯ ಹಳೆಯ ಯಂತ್ರಕ್ಕೆ ವಿಳಾಸಗಳನ್ನು ಒಯ್ಯಬೇಕಾದಾಗ ತೊಂದರೆ ಹೆಚ್ಚಾಗುವುದು ಈ ಹೊಂದಾಣಿಕೆ ಒಂದೇ ದಿಕ್ಕಿನಲ್ಲಿ ನಡೆಯುವುದರಿಂದ. ಹಳೆಯ ಮಾದರಿಯ ಪಿಎಸ್‌ಟಿಯನ್ನು ಸೃಷ್ಟಿಸಿ ಕೊಡುವ ಏರ್ಪಾಟು ನಂತರದ ಔಟ್‌ಲುಕ್‌ಗಳಲ್ಲಿ ಇತ್ತಾದರೂ, ಕನ್ನಡಕ್ಕೆ ಎಎನ್‌ಎಸ್‌ಐ ಸಂಕೇತಪಟ್ಟಿಯೇ ಇಲ್ಲದ ಕಾರಣ ಕನ್ನಡದಲ್ಲಿ ಬರೆದ ಹೆಸರುಗಳಿಗೆ ಆ ದಾರಿ ಮುಚ್ಚಿತ್ತು.

ಇದು ಕೇವಲ ವ್ಯಾಪಾರಿ ಸಂಸ್ಥೆಗಳ ತಂತ್ರಾಂಶಕ್ಕೆ ಸೀಮಿತವಾದ ದೋಷವಲ್ಲ. ಮುಕ್ತ ತಂತ್ರಾಂಶವಾದ, 2004ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಥಂಡರ್‌ಬರ್ಡ್ ಬಹುಕಾಲ ಮೋರ್ಕ್ ಎಂಬ ವಿಚಿತ್ರವಾದ, ಇತರ ತಂತ್ರಾಂಶಗಳಿಗೆ ಓದಲು ಬಲು ಕಠಿಣವಾದ ವಿನ್ಯಾಸದಲ್ಲಿ ವಿಳಾಸಗಳನ್ನು ಇಡುತ್ತಿತ್ತು. 2020ರ 78ನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು, ಎಸ್‌ಕ್ಯೂಲೈಟ್ ಎಂಬ ಪ್ರಸಿದ್ಧ ದತ್ತಸಂಚಯಕ್ಕೆ ವಿಳಾಸಗಳನ್ನು ವರ್ಗಾಯಿಸಿತು. ಹೊಸ ಕಡತವನ್ನು ಹಳೆಯ ಥಂಡರ್‌ಬರ್ಡ್‌ಗೆ ಕೊಟ್ಟರೆ ಅದಕ್ಕೆ ಅರ್ಥವಾಗುವುದಿಲ್ಲ. ಮುಕ್ತ ತಂತ್ರಾಂಶದಲ್ಲಿರುವ ವ್ಯತ್ಯಾಸವೆಂದರೆ, ಅದರ ವಿನ್ಯಾಸವು ಯಾರು ಬೇಕಾದರೂ ಪರಿಶೀಲಿಸಬಹುದಾದ ಮೂಲಸಂಕೇತದಲ್ಲಿ ಬಯಲಾಗಿರುವುದರಿಂದ, ಹಳೆಯ ಕಡತವನ್ನು ಓದುವ ಸಾಧನವನ್ನು ಎಂದಾದರೂ ಯಾರಾದರೂ ಬರೆಯಲು ಅವಕಾಶ ಉಳಿದಿರುತ್ತದೆ.

ಈ ಎಲ್ಲ ನಿದರ್ಶನಗಳಿಂದ ಒಂದು ತತ್ತ್ವ ಹೊರಡುತ್ತದೆ. ಎರಡು ತಂತ್ರಾಂಶಗಳ ನಡುವೆ ಅವುಗಳ ಖಾಸಗಿ ಕಡತವನ್ನು ಒಯ್ಯುವ ಬದಲು, ಎರಡಕ್ಕೂ ತಿಳಿದ ಮೂರನೆಯ, ಸಾರ್ವಜನಿಕ ವಿನ್ಯಾಸವೊಂದಕ್ಕೆ ಮಾಹಿತಿಯನ್ನು ಮೊದಲು ಬದಲಾಯಿಸಿ, ಅದನ್ನು ಒಯ್ಯಬೇಕು. ಹಳೆಯ ತಂತ್ರಾಂಶದಿಂದ ಹೀಗೆ ಹೊರತೆಗೆಯುವುದಕ್ಕೆ ರಫ್ತು ಅಥವಾ ಎಕ್ಸ್‌ಪೋರ್ಟ್ ಎಂದೂ, ಹೊಸದರೊಳಗೆ ಸೇರಿಸುವುದಕ್ಕೆ ಆಮದು ಅಥವಾ ಇಂಪೋರ್ಟ್ ಎಂದೂ ಹೆಸರು. ಅಂತಹ ನಡುವಣ ವಿನ್ಯಾಸಗಳಲ್ಲಿ ಪ್ರಮುಖವಾದವು ಎರಡು: ಸಿಎಸ್‌ವಿ ಮತ್ತು ವಿಕಾರ್ಡ್. ಎಲ್‌ಡಿಐಎಫ್ ಎಂಬ ಮೂರನೆಯದೂ ಇದೆ. ದೊಡ್ಡ ಸಂಸ್ಥೆಗಳ ವಿಳಾಸಕೋಶಗಳಿಗಾಗಿ ಹುಟ್ಟಿದ ಅದು ಥಂಡರ್‌ಬರ್ಡಿನಂಥ ಕೆಲವು ತಂತ್ರಾಂಶಗಳಲ್ಲಿ ದೊರೆಯುತ್ತದೆ.

ಸಿಎಸ್‌ವಿ ಎಂಬುದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯ. ಒಬ್ಬ ವ್ಯಕ್ತಿಗೆ ಒಂದು ಸಾಲು, ಒಂದೊಂದು ವಿವರಕ್ಕೂ ಒಂದೊಂದು ಅಂಕಣ, ಮೊದಲ ಸಾಲಿನಲ್ಲಿ ಅಂಕಣಗಳ ಹೆಸರು. ಇಷ್ಟೇ ಅದರ ರಚನೆ. ವಿಳಾಸದೊಳಗೇ ಅಲ್ಪವಿರಾಮ ಇದ್ದರೆ ಆ ವಿವರವನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ದಶಕಗಳಿಂದ ರೂಢಿಯಲ್ಲಿದ್ದ ಈ ಪದ್ಧತಿಯನ್ನು 2005ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 4180 ಎಂಬ ಅಂತರಜಾಲ ದಸ್ತಾವೇಜು ಬರಹಕ್ಕಿಳಿಸಿತಾದರೂ, ಅಂಕಣಗಳಿಗೆ ಯಾವ ಹೆಸರಿಡಬೇಕು, ಎಷ್ಟು ಅಂಕಣಗಳಿರಬೇಕು ಎಂಬುದನ್ನು ಅದು ಹೇಳುವುದಿಲ್ಲ. ಆದಕಾರಣ ಔಟ್‌ಲುಕ್ ಒಂದು ಬಗೆಯ ಶೀರ್ಷಿಕೆಗಳನ್ನು, ಗೂಗಲ್ ಕಾಂಟ್ಯಾಕ್ಟ್ಸ್ ಮತ್ತೊಂದು ಬಗೆಯವನ್ನು ಬಳಸುತ್ತವೆ. ಗೂಗಲ್ ತನ್ನ ರಫ್ತಿನ ಪಟ್ಟಿಯಲ್ಲಿ ಔಟ್‌ಲುಕ್‌ಗೆ ಹೊಂದುವ ಸಿಎಸ್‌ವಿ ಎಂದು ಬೇರೆಯೇ ಆಯ್ಕೆ ಕೊಟ್ಟಿರುವುದು ಈ ಕಾರಣಕ್ಕೆ. ಆಮದು ಮಾಡುವಾಗ ತಂತ್ರಾಂಶವು ಯಾವ ಅಂಕಣ ಯಾವ ವಿವರಕ್ಕೆ ಸೇರಬೇಕೆಂದು ಕೇಳಿದರೆ, ಆ ಹೊಂದಿಸುವ ಹಂತವನ್ನು ಅವಸರದಲ್ಲಿ ದಾಟಬಾರದು. ಕಚೇರಿಯ ದೂರವಾಣಿ ಮನೆಯ ದೂರವಾಣಿಯ ಜಾಗಕ್ಕೆ ಹೋಗುವುದು, ಎರಡನೆಯ ಇಮೇಲ್ ವಿಳಾಸ ಪೂರ್ತಿ ಬಿಟ್ಟುಹೋಗುವುದು ಇಲ್ಲಿಯೇ. ಜರ್ಮನಿಯಂತಹ ದೇಶಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಬಳಸುವುದರಿಂದ, ಅಲ್ಲಿನ ಯಂತ್ರಗಳು ಅಂಕಣಗಳ ನಡುವೆ ಅರ್ಧವಿರಾಮವನ್ನು ಇಡುವುದುಂಟು. ಹೊರದೇಶದ ಕನ್ನಡಿಗರು ಕಳುಹಿಸಿದ ಪಟ್ಟಿ ಇಲ್ಲಿನ ಯಂತ್ರದಲ್ಲಿ ಒಂದೇ ಅಂಕಣವಾಗಿ ತೆರೆದುಕೊಂಡರೆ ಕಾರಣ ಇದೇ ಆಗಿರಬಹುದು.

ಸಿಎಸ್‌ವಿಗೆ ಒದಗುವ ಅತಿ ದೊಡ್ಡ ಅಪಾಯ ಅದರೊಳಗೆ ಇಲ್ಲ, ಅದನ್ನು ಸುಮ್ಮನೆ ನೋಡಲೆಂದು ಎಕ್ಸೆಲ್‌ನಲ್ಲಿ ತೆರೆದು ಉಳಿಸುವ ಅಭ್ಯಾಸದಲ್ಲಿದೆ. ಅಂಕೆಗಳ ಸಾಲನ್ನು ಕಂಡ ಕೂಡಲೇ ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಎಂದು ಭಾವಿಸುತ್ತದೆ. ಆದ್ದರಿಂದ ದೂರವಾಣಿ ಸಂಖ್ಯೆಯ ಮುಂದಿನ ಸೊನ್ನೆಯೂ ದೇಶಸಂಕೇತದ ಮುಂದಿನ ಕೂಡು ಚಿಹ್ನೆಯೂ ಮರೆಯಾಗುತ್ತವೆ. ಭಾರತದ ಮೊಬೈಲ್ ಸಂಖ್ಯೆಯ ಹತ್ತು ಅಂಕೆಗಳಿಗೆ 91 ಸೇರಿ ಹನ್ನೆರಡಾದಾಗ, ಎಕ್ಸೆಲ್ ಅದನ್ನು ಹತ್ತರ ಘಾತದ ರೂಪದಲ್ಲಿ ಸಂಕ್ಷೇಪಿಸಿ ತೋರಿಸುತ್ತದೆ, ಮತ್ತು ಹಾಗೆಯೇ ಸಿಎಸ್‌ವಿಯಾಗಿ ಉಳಿಸಿದರೆ ಕಡತಕ್ಕೆ ಹೋಗುವುದು ಆ ಸಂಕ್ಷಿಪ್ತ ರೂಪವೇ. ಕೊನೆಯ ಅಂಕೆಗಳು ಶಾಶ್ವತವಾಗಿ ಅಳಿಯುತ್ತವೆ. ಹುಟ್ಟುಹಬ್ಬದ ದಿನಾಂಕಗಳಲ್ಲಿ ಆಗುವ ತಪ್ಪು ಇನ್ನೂ ಗುಪ್ತವಾದುದು: ಭಾರತದ ಪದ್ಧತಿಯಲ್ಲಿ ಏಪ್ರಿಲ್ 3 ಎಂದು ಬರೆದ 03/04 ಎಂಬುದನ್ನು ಅಮೆರಿಕದ ಪದ್ಧತಿಗೆ ಹೊಂದಿಸಿದ ಯಂತ್ರವು ಮಾರ್ಚ್ 4 ಎಂದು ಓದುತ್ತದೆ, ಮತ್ತು ದಿನ ಹನ್ನೆರಡನ್ನು ಮೀರದ ತನಕ ಯಾವ ದೋಷಸೂಚನೆಯೂ ಬರುವುದಿಲ್ಲ. ಕಡತವನ್ನು ಪರಿಶೀಲಿಸಬೇಕಿದ್ದರೆ ನೋಟ್‌ಪ್ಯಾಡಿನಂಥ ಸರಳ ಪಠ್ಯ ತಂತ್ರಾಂಶದಲ್ಲಿ ತೆರೆಯುವುದು, ಎಕ್ಸೆಲ್‌ನಲ್ಲಿಯೇ ತಿದ್ದಬೇಕಿದ್ದರೆ ಅದರ ದತ್ತಾಂಶ ಆಮದಿನ ಮೂಲಕ ಎಲ್ಲ ಅಂಕಣಗಳನ್ನೂ ಪಠ್ಯವೆಂದು ಘೋಷಿಸಿ ತೆರೆಯುವುದು ಸರಿಯಾದ ಕ್ರಮ.

ಕನ್ನಡದಲ್ಲಿ ಹೆಸರುಗಳನ್ನು ಬರೆದಿಟ್ಟವರಿಗೆ ಅಕ್ಷರಸಂಕೇತದ ವಿಚಾರ ಎಲ್ಲಕ್ಕಿಂತ ಮುಖ್ಯವಾದುದು. ಕಂಪ್ಯೂಟರು ಅಕ್ಷರಗಳನ್ನು ಸಂಖ್ಯೆಗಳಾಗಿ ಕಾಪಿಡುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ, ಆ ಸಂಖ್ಯೆಯನ್ನು ಕಡತದಲ್ಲಿ ಹೇಗೆ ಬರೆಯಬೇಕು ಎಂಬ ಒಪ್ಪಂದವೇ ಅಕ್ಷರಸಂಕೇತ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿದೆ, ಮತ್ತು ಇಂದು ವ್ಯಾಪಕವಾಗಿರುವ ಯುಟಿಎಫ್-8 ಎಂಬ ಬರೆಯುವ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಬಿಂದುವೂ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಯುಟಿಎಫ್-8ರಲ್ಲಿರುವ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ, ಕಡತದ ಮೊದಲಿಗೆ ಅದರ ಸಂಕೇತವನ್ನು ಸೂಚಿಸುವ ಪುಟ್ಟ ಗುರುತು ಇಲ್ಲದಿದ್ದರೆ, ಎಕ್ಸೆಲ್ ಅದನ್ನು ಹಳೆಯ ಸಂಕೇತಪಟ್ಟಿಯ ಪ್ರಕಾರ ಓದಿ, ಕನ್ನಡದ ಜಾಗದಲ್ಲಿ ಯುರೋಪಿನ ಲಿಪಿಯ ಅರ್ಥಹೀನ ಅಕ್ಷರಗಳನ್ನು ತೋರಿಸುತ್ತದೆ. ಇಲ್ಲಿ ಎರಡು ಸ್ಥಿತಿಗಳ ಭೇದವನ್ನು ಗಮನಿಸಬೇಕು. ಪರದೆಯ ಮೇಲೆ ಅಪರಿಚಿತ ಅಕ್ಷರಗಳ ಗೊಂದಲ ಕಂಡರೆ ಮಾಹಿತಿ ಇನ್ನೂ ಅಳಿದಿಲ್ಲ, ಓದುವ ರೀತಿ ಮಾತ್ರ ತಪ್ಪಿದೆ ಎಂದು ತಿಳಿಯಬಹುದು. ಏನನ್ನೂ ಉಳಿಸದೆ ಕಡತವನ್ನು ಮುಚ್ಚಿ, ಯುಟಿಎಫ್-8 ಎಂದು ಸೂಚಿಸಿ ಮತ್ತೆ ತೆರೆದರೆ ಕನ್ನಡ ಮರಳುತ್ತದೆ. ಆದರೆ ಕಡತದೊಳಗೇ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಇದ್ದರೆ, ಕನ್ನಡವೇ ಇಲ್ಲದ ಸಂಕೇತಪಟ್ಟಿಯಲ್ಲಿ ಅದನ್ನು ಉಳಿಸಲಾಗಿದೆ ಎಂದರ್ಥ. ಆ ಕಡತದಿಂದ ಹೆಸರನ್ನು ಮರಳಿ ಪಡೆಯುವ ಉಪಾಯ ಯಾವುದೂ ಇಲ್ಲ. ಆಗ ಮೂಲ ತಂತ್ರಾಂಶದಿಂದ ಹೊಸದಾಗಿ ರಫ್ತು ಮಾಡುವುದೊಂದೇ ದಾರಿ, ಮತ್ತು ಅದಕ್ಕಾಗಿ ಮೂಲವು ಉಳಿದಿರಬೇಕು.

ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ವಿಳಾಸಪಟ್ಟಿಗಳದು ಇನ್ನೊಂದು ಸಮಸ್ಯೆ. ಅಂತಹ ಪಟ್ಟಿಗಳಲ್ಲಿ ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಹಾಗೂ ಚಿಹ್ನೆಗಳ ಸಂಕೇತಗಳೇ. ನಿರ್ದಿಷ್ಟ ಫಾಂಟು ಅವುಗಳಿಗೆ ಕನ್ನಡದ ಆಕಾರವನ್ನು ತೊಡಿಸುತ್ತಿತ್ತು. ಫಾಂಟನ್ನು ಆಯುವ ಸೌಲಭ್ಯವಿಲ್ಲದ ಇಮೇಲ್ ತಂತ್ರಾಂಶಕ್ಕೆ ಆ ಪಟ್ಟಿಯನ್ನು ಸೇರಿಸಿದರೆ ಹೆಸರುಗಳು ಅರ್ಥಹೀನ ಅಕ್ಷರಮಾಲೆಗಳಾಗಿ ಕಾಣುತ್ತವೆ. ಇದಕ್ಕೆ ಆಯಾ ತಂತ್ರಾಂಶದೊಂದಿಗೆ ಬರುವ ಪರಿವರ್ತಕದಿಂದ ಪಠ್ಯವನ್ನು ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಹಾಗೆ ಬದಲಾಯಿಸುವಾಗ ನಿಜವಾಗಿಯೇ ಇಂಗ್ಲಿಷಿನಲ್ಲಿರುವ ಇಮೇಲ್ ವಿಳಾಸದ ಅಂಕಣವನ್ನು ಬೇರೆ ಇಟ್ಟುಕೊಳ್ಳದಿದ್ದರೆ, ಪರಿವರ್ತಕವು ಅದನ್ನೂ ಕನ್ನಡವೆಂದು ಭಾವಿಸಿ ಕೆಡಿಸುತ್ತದೆ.

ಸಿಎಸ್‌ವಿಯು ಯಾವುದೇ ಪಟ್ಟಿಗೆ ಒಗ್ಗುವ ಸಾಮಾನ್ಯ ವಿನ್ಯಾಸವಾದರೆ, ವಿಕಾರ್ಡ್ ವ್ಯಕ್ತಿಯ ಸಂಪರ್ಕ ವಿವರಗಳಿಗಾಗಿಯೇ ಹುಟ್ಟಿದ್ದು. ಆ್ಯಪಲ್, ಎಟಿ ಅಂಡ್ ಟಿ, ಐಬಿಎಂ ಮತ್ತು ಸೀಮೆನ್ಸ್ ಸಂಸ್ಥೆಗಳು ಕೂಡಿ ಕಟ್ಟಿದ ವರ್ಸಿಟ್ ಎಂಬ ಒಕ್ಕೂಟವು 1990ರ ದಶಕದ ಮಧ್ಯಭಾಗದಲ್ಲಿ ಇದನ್ನು ರೂಪಿಸಿತು. 1996ರ 2.1 ಆವೃತ್ತಿ ಬಹುಕಾಲ ಬಳಕೆಯಲ್ಲಿತ್ತು, 1998ರಲ್ಲಿ 3.0, 2011ರ ಆಗಸ್ಟಿನಲ್ಲಿ 4.0 ಅಂತರಜಾಲದ ಶಿಷ್ಟತೆಗಳಾಗಿ ಪ್ರಕಟವಾದವು. ವಿಸಿಎಫ್ ಎಂಬ ಬಾಲನಾಮದ ಈ ಕಡತವು ಸರಳ ಪಠ್ಯವಾದ್ದರಿಂದ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು: ಆರಂಭ ಮತ್ತು ಮುಕ್ತಾಯದ ಗುರುತುಗಳ ನಡುವೆ, ಹೆಸರು, ಇಮೇಲ್, ದೂರವಾಣಿ ಒಂದೊಂದೂ ತನ್ನ ಗುರುತಿನೊಂದಿಗೆ ಒಂದೊಂದು ಸಾಲಿನಲ್ಲಿ ಇರುತ್ತದೆ. ಗುರುತುಗಳ ಹೆಸರನ್ನು ಶಿಷ್ಟತೆಯೇ ನಿಗದಿಪಡಿಸಿರುವುದರಿಂದ ಸಿಎಸ್‌ವಿಯಲ್ಲಿ ಬೇಕಾಗುವ ಅಂಕಣ ಹೊಂದಿಸುವ ಕೆಲಸ ಇಲ್ಲಿ ಇಲ್ಲ, ಮತ್ತು ಸಿಎಸ್‌ವಿಗೆ ಅಸಾಧ್ಯವಾದ ಭಾವಚಿತ್ರವನ್ನೂ ಇದು ಪಠ್ಯಕ್ಕೆ ಬದಲಾಯಿಸಿ ಹೊತ್ತೊಯ್ಯಬಲ್ಲದು.

ಆದರೆ ವಿಕಾರ್ಡಿನ ಆವೃತ್ತಿಗಳ ನಡುವೆಯೂ ಅಂತರಗಳಿವೆ. 2.1ರಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಅಕ್ಷರಗಳು ಇಂಗ್ಲಿಷಿನ ಮೂಲ ಸಂಕೇತವಾದ ಆಸ್ಕಿಯಲ್ಲಿವೆ ಎಂದೇ ಭಾವಿಸಬೇಕಾಗಿದ್ದುದರಿಂದ, ಇತರ ಲಿಪಿಗಳ ಒಂದೊಂದು ಬೈಟನ್ನೂ ಒಂದು ಸಮ ಚಿಹ್ನೆ ಹಾಗೂ ಎರಡು ಅಂಕಾಕ್ಷರಗಳಾಗಿ ಬರೆಯುವ ಉಪಾಯವನ್ನು ಬಳಸಲಾಗುತ್ತಿತ್ತು. ಅದರ ಪ್ರಕಾರ ಐದು ಸಂಕೇತಬಿಂದುಗಳುಳ್ಳ ‘ಕನ್ನಡ’ ಎಂಬ ಪದಕ್ಕೆ ಯುಟಿಎಫ್-8ರ ಹದಿನೈದು ಬೈಟುಗಳು, ಅವುಗಳಿಗೆ ನಲವತ್ತೈದು ಚಿಹ್ನೆಗಳು ಬೇಕಾಗುತ್ತವೆ. ಹಳೆಯ ಆಂಡ್ರಾಯ್ಡ್ ಫೋನುಗಳಿಂದ ರಫ್ತಾದ ಕಡತದಲ್ಲಿ ಸಮ ಚಿಹ್ನೆಗಳ ಇಂತಹ ಉದ್ದ ಸಾಲುಗಳು ಕಂಡರೆ ಕಡತ ಕೆಟ್ಟಿದೆ ಎಂದು ಎಸೆಯಬಾರದು, 2.1ನ್ನು ಬಲ್ಲ ತಂತ್ರಾಂಶ ಅದನ್ನು ಸರಿಯಾಗಿಯೇ ಓದುತ್ತದೆ. ವಿಕಾರ್ಡಿನಲ್ಲಿ ಉದ್ದವಾದ ಸಾಲನ್ನು ಎಪ್ಪತ್ತೈದು ಅಕ್ಷರ ಅಥವಾ ಬೈಟುಗಳ ಮಿತಿಯಲ್ಲಿ ಮಡಿಸುವ ಪದ್ಧತಿಯೂ ಇದೆ. ಮೂರು ಬೈಟುಗಳ ಕನ್ನಡ ಅಕ್ಷರದ ನಡುವೆಯೇ ಸಾಲನ್ನು ಮುರಿದರೆ ಆ ಅಕ್ಷರ ಒಡೆಯುವ ಸಂಭವ ಇರುವುದರಿಂದ, 4.0 ಆವೃತ್ತಿಯು ಹಾಗೆ ಮುರಿಯುವುದನ್ನು ನಿಷೇಧಿಸಿ, ಯುಟಿಎಫ್-8 ಒಂದನ್ನೇ ಮಾನ್ಯ ಸಂಕೇತವಾಗಿ ಗೊತ್ತುಮಾಡಿದೆ. ಕನ್ನಡದಂತಹ ಭಾಷೆಗಳಿಗೆ ಇದರಿಂದ ನಿಜವಾದ ಉಪಕಾರವಾಗಿದೆ, ಆದರೂ 4.0ನ್ನು ಅರಿಯದ ತಂತ್ರಾಂಶಗಳು ಇನ್ನೂ ಬಳಕೆಯಲ್ಲಿರುವುದರಿಂದ, ಆವೃತ್ತಿಯನ್ನು ಆಯುವ ಅವಕಾಶ ಇರುವೆಡೆ 3.0ನ್ನು ಆರಿಸುವುದು ಹೆಚ್ಚು ಕ್ಷೇಮ.

ಹೆಸರಿನ ವಿಚಾರದಲ್ಲಿ ಆವೃತ್ತಿಗಳ ವ್ಯತ್ಯಾಸವು ಕರ್ನಾಟಕದ ಓದುಗರಿಗೆ ವಿಶೇಷವಾಗಿ ಸಂಬಂಧಿಸಿದ್ದು. ವಿಕಾರ್ಡಿನಲ್ಲಿ ಹೆಸರಿಗೆ ಎರಡು ಸಾಲುಗಳಿವೆ: ಒಂದು, ಕುಲನಾಮ, ಸ್ವಂತ ಹೆಸರು, ನಡುವಿನ ಹೆಸರು, ಮುಂಚಿನ ಬಿರುದು, ಹಿಂದಿನ ಬಿರುದು ಎಂದು ಐದು ಭಾಗಗಳಾಗಿ ಒಡೆದದ್ದು, ಇನ್ನೊಂದು, ಜನರು ಕರೆಯುವಂತೆ ಇಡಿಯಾಗಿ ಬರೆದದ್ದು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬ ಹೆಸರಿನಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಕ್ರಮವಾಗಿ ಇರುವುದರಿಂದ ಅದು ಆ ಭಾಗಗಳಿಗೆ ಸುಲಭವಾಗಿ ಹೊಂದುತ್ತದೆ. ಆದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಕೊನೆಯದೇ ಸ್ವಂತ ಹೆಸರು. ಇನಿಷಿಯಲ್ಲುಗಳನ್ನು ಮುಂದಿಟ್ಟು ಹೆಸರು ಬರೆಯುವ ಈ ಪದ್ಧತಿಯಲ್ಲಿ ಕುಲನಾಮವೆಂಬುದೇ ಇಲ್ಲದ ಕಾರಣ, ಒಂದು ತಂತ್ರಾಂಶ ಕೊನೆಯ ಪದವನ್ನು ಕುಲನಾಮವೆಂದೂ ಮತ್ತೊಂದು ಇನಿಷಿಯಲ್ಲನ್ನೇ ಸ್ವಂತ ಹೆಸರೆಂದೂ ಎಣಿಸಿ, ಸ್ಥಳಾಂತರದ ಬಳಿಕ ಅಕಾರಾದಿ ಕ್ರಮ ಅಸ್ತವ್ಯಸ್ತವಾಗುತ್ತದೆ. 2.1 ಆವೃತ್ತಿಯಲ್ಲಿ ಒಡೆದ ಹೆಸರು ಕಡ್ಡಾಯವಾಗಿತ್ತು, ಇಡಿಯಾದ ಹೆಸರು ಐಚ್ಛಿಕವಾಗಿತ್ತು, 3.0ರಲ್ಲಿ ಎರಡೂ ಕಡ್ಡಾಯವಾದವು, 4.0ರಲ್ಲಿ ಇಡಿಯಾದ ಹೆಸರು ಮಾತ್ರ ಕಡ್ಡಾಯವಾಗಿ, ಒಡೆದದ್ದು ಐಚ್ಛಿಕವಾಯಿತು. ಎಲ್ಲರ ಹೆಸರೂ ಒಂದೇ ಅಚ್ಚಿನಲ್ಲಿ ಇರುವುದಿಲ್ಲ ಎಂಬ ಅರಿವು ಶಿಷ್ಟತೆಗೆ ನಿಧಾನವಾಗಿ ಬಂದಿರುವುದು ಈ ಬದಲಾವಣೆಯಲ್ಲಿ ಕಾಣುತ್ತದೆ. ಬಳಕೆದಾರರು ಇಡಿಯಾದ ಹೆಸರಿನ ಜಾಗವನ್ನು ತಪ್ಪದೆ ತುಂಬಿಟ್ಟರೆ, ಉಳಿದ ಭಾಗಗಳು ಎಲ್ಲಿ ಬಿದ್ದರೂ ವ್ಯಕ್ತಿಯ ಗುರುತು ಕೆಡುವುದಿಲ್ಲ.

ಕೆಲವು ಮಾಹಿತಿಗಳು ಎಷ್ಟೇ ಎಚ್ಚರ ವಹಿಸಿದರೂ ದಾರಿಯಲ್ಲಿ ಬಿಟ್ಟುಹೋಗುವಂಥವು. ಸಂಘದ ಸದಸ್ಯರು, ಯೋಜನೆಯ ಸಹೋದ್ಯೋಗಿಗಳು ಎಂದು ಹಲವರಿಗೆ ಒಟ್ಟಿಗೆ ಪತ್ರ ಕಳುಹಿಸಲು ಮಾಡಿಕೊಂಡ ಗುಂಪುಗಳು ಔಟ್‌ಲುಕ್‌ನ ಸಿಎಸ್‌ವಿ ರಫ್ತಿನಲ್ಲಿ ಬರುವುದಿಲ್ಲ. ಗುಂಪನ್ನು ವರ್ಣಿಸುವ ಏರ್ಪಾಟು ವಿಕಾರ್ಡಿನಲ್ಲಿ ಅಧಿಕೃತವಾಗಿ ಸೇರಿದ್ದೂ 4.0ರಲ್ಲಿ. ನೂರಾರು ವ್ಯಕ್ತಿಗಳ ವಿವರವುಳ್ಳ ಒಂದೇ ವಿಸಿಎಫ್ ಕಡತವನ್ನು ಔಟ್‌ಲುಕ್‌ನ ರೂಢಿಯ ಆವೃತ್ತಿಗಳಿಗೆ ಕೊಟ್ಟರೆ ಅವು ಮೊದಲ ವ್ಯಕ್ತಿಯನ್ನಷ್ಟೇ ಸೇರಿಸಿಕೊಂಡು ಸುಮ್ಮನಾಗುತ್ತವೆ. ಆದ್ದರಿಂದ ಔಟ್‌ಲುಕ್‌ಗೆ ಸಿಎಸ್‌ವಿಯೇ ಒಳ್ಳೆಯ ದಾರಿ. ಇದಕ್ಕಿಂತ ಹೆಚ್ಚು ಜನ ಮೋಸಹೋಗುವುದು ಪತ್ರ ಬರೆಯುವಾಗ ಎರಡು ಅಕ್ಷರ ಒತ್ತಿದೊಡನೆ ತಾನಾಗಿ ಮೂಡುವ ಹೆಸರುಗಳ ವಿಷಯದಲ್ಲಿ. ಅವು ವಿಳಾಸಪುಸ್ತಿಕೆಯಲ್ಲಿ ಇವೆ ಎಂದು ಬಳಕೆದಾರರು ನಂಬಿರುತ್ತಾರೆ. ವಾಸ್ತವದಲ್ಲಿ ಅವು ಹಿಂದೆ ಕಳುಹಿಸಿದ ಪತ್ರಗಳ ನೆನಪು ಮಾತ್ರ. ಔಟ್‌ಲುಕ್ 2007ರವರೆಗೆ ಆ ನೆನಪು ಎನ್‌ಕೆ2 ಎಂಬ ಪ್ರತ್ಯೇಕ ಕಡತದಲ್ಲಿ ಇರುತ್ತಿತ್ತು, 2010ರಿಂದ ಅಂಚೆಪೆಟ್ಟಿಗೆಯ ಒಳಗೇ ಸೇರಿತು. ಜಿಮೇಲ್ ಅಂತಹ ವಿಳಾಸಗಳನ್ನು ಇತರ ಸಂಪರ್ಕಗಳು ಎಂಬ ಬೇರೆ ವಿಭಾಗದಲ್ಲಿ ಇಡುತ್ತದೆ. ಅವುಗಳಲ್ಲಿ ಬೇಕಾದವನ್ನು ಹಳೆಯ ಯಂತ್ರದಲ್ಲಿರುವಾಗಲೇ ವಿಳಾಸಪುಸ್ತಿಕೆಗೆ ಸೇರಿಸಿಕೊಳ್ಳದಿದ್ದರೆ ಅವು ರಫ್ತಿನಲ್ಲಿ ಸೇರುವುದಿಲ್ಲ.

ಈ ವಿವರಗಳ ಬೆಳಕಿನಲ್ಲಿ ಸ್ಥಳಾಂತರದ ಕ್ರಮ ಸ್ಪಷ್ಟವಾಗುತ್ತದೆ. ಮೊದಲು ಹಳೆಯ ಯಂತ್ರದಲ್ಲಿ ಒಟ್ಟು ಎಷ್ಟು ಸಂಪರ್ಕಗಳಿವೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು, ಮತ್ತು ಗುಂಪುಗಳ ಸದಸ್ಯರ ಪಟ್ಟಿಯನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಅನಂತರ ತಂತ್ರಾಂಶ ಅನುಮತಿಸುವುದಾದರೆ ಸಿಎಸ್‌ವಿ ಮತ್ತು ವಿಕಾರ್ಡ್ ಎರಡೂ ರೂಪಗಳಲ್ಲಿ ರಫ್ತು ಮಾಡಿ, ಖಾಸಗಿ ಕಡತದ ನಕಲನ್ನೂ ಜೊತೆಗೆ ಇಟ್ಟುಕೊಳ್ಳಬೇಕು. ಹೊಸ ಯಂತ್ರದಲ್ಲಿ ಇಡೀ ಕಡತವನ್ನು ಒಮ್ಮೆಗೇ ಆಮದು ಮಾಡದೆ, ಕನ್ನಡದ ಹೆಸರು, ಎರಡು ಇಮೇಲ್ ವಿಳಾಸ, ದೇಶಸಂಕೇತವಿರುವ ದೂರವಾಣಿ, ಅಲ್ಪವಿರಾಮವುಳ್ಳ ಅಂಚೆ ವಿಳಾಸ ಇವೆಲ್ಲ ಇರುವ ನಾಲ್ಕೈದು ಮಂದಿಯ ವಿವರಗಳಿಂದ ಪರೀಕ್ಷೆ ಮಾಡಬೇಕು. ಅವು ಸರಿಯಾಗಿ ಬಂದ ಬಳಿಕ ಉಳಿದವನ್ನು ಸೇರಿಸಿ, ಸಂಖ್ಯೆಯನ್ನು ಮೊದಲಿನ ಗುರುತಿನೊಂದಿಗೆ ಹೋಲಿಸಬೇಕು. ಇಷ್ಟೆಲ್ಲ ಆಗುವವರೆಗೂ ಹಳೆಯ ಯಂತ್ರವನ್ನು ಅಳಿಸಕೂಡದು, ಮಾರಕೂಡದು. ಒಂದೇ ಕಡತವನ್ನು ಎರಡು ಬಾರಿ ಆಮದು ಮಾಡಿದಾಗ ಒಬ್ಬೊಬ್ಬರೂ ಇಬ್ಬಿಬ್ಬರಾಗುವುದು ಸಾಮಾನ್ಯ. ಒಬ್ಬ ವ್ಯಕ್ತಿಗೆ ಒಂದೇ ಗುರುತುಸಂಖ್ಯೆ ಮತ್ತು ಕೊನೆಯ ತಿದ್ದುಪಡಿಯ ಸಮಯವನ್ನು ದಾಖಲಿಸುವ ಸಾಲುಗಳು ವಿಕಾರ್ಡಿನಲ್ಲಿ ಇದ್ದರೂ ಎಲ್ಲ ತಂತ್ರಾಂಶಗಳೂ ಅವನ್ನು ಗೌರವಿಸುವುದಿಲ್ಲವಾದ್ದರಿಂದ, ತಪ್ಪಾದ ಆಮದನ್ನು ಪೂರ್ತಿ ಅಳಿಸಿಯೇ ಮತ್ತೆ ಮಾಡುವುದು ಒಳಿತು.

ಹಳೆಯ ಕಂಪ್ಯೂಟರು ಚಾಲೂ ಆಗದಂತೆ ಕೆಟ್ಟಿದ್ದರೂ ಅದರ ಹಾರ್ಡ್‌ಡಿಸ್ಕ್ ಉಳಿದಿದ್ದರೆ ನಿರಾಶರಾಗಬೇಕಿಲ್ಲ. ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ, ಬಳಕೆದಾರರ ಹೆಸರಿನ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಮರೆಮಾಡಿರುವ ಅಪ್ಲಿಕೇಶನ್ ಡೇಟಾ ಎಂಬ ಭಾಗದೊಳಗೆ ಹುಡುಕಿದರೆ ಡಬ್ಲ್ಯುಎಬಿ ಕಡತವೋ ಥಂಡರ್‌ಬರ್ಡಿನ ಪ್ರೊಫೈಲ್ ಫೋಲ್ಡರೋ ದೊರೆಯುತ್ತದೆ. ಪ್ರೊಫೈಲನ್ನು ಅಷ್ಟೇ ಹಳೆಯ ಅಥವಾ ತುಸು ಹೊಸ ಥಂಡರ್‌ಬರ್ಡಿನಲ್ಲಿ ತೆರೆದು, ಅಲ್ಲಿಂದ ರಫ್ತು ಮಾಡಬಹುದು. ಡಬ್ಲ್ಯುಎಬಿ ಕಡತವನ್ನು ವಿಂಡೋಸ್ ವಿಸ್ಟಾ ಅಥವಾ ವಿಂಡೋಸ್ 7ರ ಕಾಂಟ್ಯಾಕ್ಟ್ಸ್ ಫೋಲ್ಡರಿನೊಳಗೆ ಆಮದು ಮಾಡಿ, ಅಲ್ಲಿಂದ ಸಿಎಸ್‌ವಿ ಅಥವಾ ವಿಕಾರ್ಡ್ ರೂಪದಲ್ಲಿ ಹೊರತರಬಹುದು. ಬಹಳ ಹಳೆಯ ಆವೃತ್ತಿಯಿಂದ ಬಹಳ ಹೊಸದಕ್ಕೆ ನೇರ ದಾರಿ ಇಲ್ಲದಾಗ ನಡುವಿನ ಆವೃತ್ತಿಯೊಂದನ್ನು ಹೀಗೆ ಮೆಟ್ಟಿಲಾಗಿ ಬಳಸುವುದು ವಿಶ್ವಾಸಾರ್ಹ ಉಪಾಯ.

ವಿಳಾಸಗಳನ್ನು ಅಂತರಜಾಲದ ಖಾತೆಯಲ್ಲೇ ಇಟ್ಟರೆ ಈ ಶ್ರಮ ಬೇಡವಲ್ಲವೇ ಎಂಬ ಪ್ರಶ್ನೆ ಸಹಜ. ಸರ್ವರಿನಲ್ಲಿರುವ ವಿಕಾರ್ಡುಗಳನ್ನು ಹಲವು ಸಾಧನಗಳಲ್ಲಿ ಒಂದೇ ರೀತಿ ಇರುವಂತೆ ನೋಡಿಕೊಳ್ಳುವ ಕಾರ್ಡ್‌ಡಾವ್ ಎಂಬ ಶಿಷ್ಟತೆಯು ವಿಕಾರ್ಡ್ 4.0ರ ಜೊತೆಯಲ್ಲೇ 2011ರಲ್ಲಿ ಪ್ರಕಟವಾಯಿತು, ಮತ್ತು ಅದರಿಂದ ದಿನನಿತ್ಯದ ಬಳಕೆ ನಿಜವಾಗಿಯೂ ಸುಲಭವಾಗಿದೆ. ಆದರೆ ಹೀಗೆ ಏಕರೂಪವಾಗಿ ಇಡುವುದು ಬೇರೆ, ಭದ್ರಪ್ರತಿ ಇಡುವುದು ಬೇರೆ. ಫೋನಿನಲ್ಲಿ ತಪ್ಪಿ ಅಳಿಸಿದ ಹೆಸರು ಕ್ಷಣದಲ್ಲಿ ಉಳಿದ ಸಾಧನಗಳಿಂದಲೂ ಅಳಿಯುತ್ತದೆ. ಖಾತೆಯ ಗುಪ್ತಪದ ಮರೆತರೆ ಅಥವಾ ಖಾತೆ ಮುಚ್ಚಿದರೆ ಎಲ್ಲವೂ ಒಟ್ಟಿಗೆ ಕೈತಪ್ಪುತ್ತದೆ. ಆದ್ದರಿಂದ ಖಾತೆಯಲ್ಲಿ ಇಟ್ಟವರೂ ಆಗಾಗ ರಫ್ತು ಮಾಡಿದ ಪ್ರತಿಯೊಂದನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು.

ಹಾಗೆ ಇಟ್ಟುಕೊಳ್ಳುವ ಪ್ರತಿಯಲ್ಲಿ ಇರುವುದು ಬಹುಪಾಲು ಇತರರ ಮಾಹಿತಿ ಎಂಬ ಹೊಣೆಗಾರಿಕೆಯನ್ನೂ ಮರೆಯಬಾರದು. ವಿಕಾರ್ಡನ್ನು ಸಿಎಸ್‌ವಿಗೆ ಬದಲಾಯಿಸಿ ಕೊಡುವುದಾಗಿ ಹೇಳುವ ಅಪರಿಚಿತ ಜಾಲತಾಣಗಳಿಗೆ ಇಡೀ ಪಟ್ಟಿಯನ್ನು ಒಪ್ಪಿಸುವುದೆಂದರೆ ನೂರಾರು ಜನರ ದೂರವಾಣಿ, ಮನೆ ವಿಳಾಸ, ಹುಟ್ಟಿದ ದಿನಗಳನ್ನು ಅವರ ಅರಿವಿಲ್ಲದೆ ಹಂಚಿದಂತೆ. ಸ್ಥಳಾಂತರಕ್ಕೆ ಬಳಸಿದ ಪೆನ್‌ಡ್ರೈವಿನಿಂದಲೂ, ಅಂಗಡಿಯ ಕಂಪ್ಯೂಟರಿನಿಂದಲೂ ಕೆಲಸ ಮುಗಿದೊಡನೆ ಕಡತವನ್ನು ಅಳಿಸುವುದು ಕರ್ತವ್ಯ. 2023ರ ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಯೊಬ್ಬ ತನ್ನ ಸ್ವಂತ ಹಾಗೂ ಮನೆಯ ಬಳಕೆಗೆ ಇಟ್ಟ ಮಾಹಿತಿಗೆ ಅನ್ವಯಿಸುವುದಿಲ್ಲವಾದರೂ, ನೈತಿಕ ಹೊಣೆ ಅದರಿಂದ ಕಡಿಮೆಯಾಗುವುದಿಲ್ಲ.

ಇದೇ ಸಂದರ್ಭದಲ್ಲಿ ಹಕ್ಕಿನ ಪ್ರಶ್ನೆಯೂ ಏಳುತ್ತದೆ. 2018ರ ಮೇ 25ರಿಂದ ಅನ್ವಯವಾದ ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮದ 20ನೆಯ ವಿಧಿಯು, ವ್ಯಕ್ತಿಯು ತಾನು ಒದಗಿಸಿದ ಮಾಹಿತಿಯನ್ನು ಯಂತ್ರಗಳು ಓದಬಲ್ಲ, ಸಾಮಾನ್ಯ ಬಳಕೆಯ ರೂಪದಲ್ಲಿ ಮರಳಿ ಪಡೆದು ಬೇರೆಡೆಗೆ ಒಯ್ಯುವ ಹಕ್ಕನ್ನು ನೀಡಿದೆ. ಭಾರತದಲ್ಲಿ 2019ರಲ್ಲಿ ಸಂಸತ್ತಿನ ಮುಂದೆ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ಅಂತಹ ಹಕ್ಕಿನ ಪ್ರಸ್ತಾಪ ಇತ್ತು. ಆ ಮಸೂದೆ 2022ರಲ್ಲಿ ಹಿಂತೆಗೆಯಲ್ಪಟ್ಟು, 2023ರಲ್ಲಿ ಕಾಯ್ದೆಯಾದ ಪಠ್ಯದಲ್ಲಿ ಅದು ಉಳಿಯಲಿಲ್ಲ. ಹೀಗಾಗಿ ಭಾರತದ ಬಳಕೆದಾರರಿಗೆ ರಫ್ತಿನ ಗುಂಡಿ ದೊರೆಯುವುದು ಹಕ್ಕಿನ ಬಲದಿಂದಲ್ಲ, ತಂತ್ರಾಂಶ ಸಂಸ್ಥೆಗಳು ಒದಗಿಸಿದ ಸೌಲಭ್ಯದಿಂದ. ಆ ಕಾರಣಕ್ಕಾಗಿಯೇ ಹೊಸ ಇಮೇಲ್ ತಂತ್ರಾಂಶವನ್ನು ಆಯುವಾಗ ಅದರೊಳಗೆ ವಿಳಾಸಗಳನ್ನು ಸೇರಿಸುವುದು ಎಷ್ಟು ಸುಲಭ ಎಂಬುದರ ಜೊತೆಗೆ, ಅದರಿಂದ ಅವನ್ನು ಪೂರ್ತಿಯಾಗಿ ಹೊರತರಲು ಸಾಧ್ಯವೇ ಎಂಬುದನ್ನೂ ಮೊದಲೇ ವಿಚಾರಿಸುವುದು ವಿವೇಕ.

ಪದಾಧಿಕಾರಿಗಳು ಬದಲಾದಂತೆ ಸದಸ್ಯರ ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವ ಊರಿನ ಸಂಘಗಳಿಗೂ ಹೊರನಾಡಿನ ಕನ್ನಡ ಸಂಘಗಳಿಗೂ, ದಶಕಗಳ ಗ್ರಾಹಕರನ್ನು ನೆಚ್ಚಿಕೊಂಡ ಸಣ್ಣ ವ್ಯಾಪಾರಿಗಳಿಗೂ, ದೂರದ ಮಕ್ಕಳು ಹಾಗೂ ಬಂಧುಗಳ ವಿಳಾಸಗಳನ್ನು ಕಂಪ್ಯೂಟರಿನಲ್ಲಿ ಮಾತ್ರ ಇಟ್ಟುಕೊಂಡ ಹಿರಿಯರಿಗೂ ಇದು ಬರಿಯ ತಾಂತ್ರಿಕ ವಿಷಯವಲ್ಲ. ತಂತ್ರಾಂಶದ ಆವೃತ್ತಿಯೊಂದರ ಆಯುಷ್ಯ ಕೆಲವು ವರ್ಷಗಳಾದರೆ, ಮನುಷ್ಯ ಸಂಬಂಧಗಳು ಅದಕ್ಕಿಂತ ಬಹುಪಾಲು ದೀರ್ಘವಾದವು. ದೀರ್ಘವಾದುದನ್ನು ಅಲ್ಪಾಯುವಾದ ಖಾಸಗಿ ವಿನ್ಯಾಸದ ವಶದಲ್ಲಿ ಬಿಡುವುದು ತರವಲ್ಲ. ಹಳೆಯ ತಂತ್ರಾಂಶ ಇನ್ನೂ ನಡೆಯುತ್ತಿರುವಾಗಲೇ, ಕಂಪ್ಯೂಟರ್ ಬದಲಾಯಿಸುವ ಆಲೋಚನೆ ಇಲ್ಲದಿದ್ದರೂ, ವರ್ಷಕ್ಕೊಮ್ಮೆ ವಿಳಾಸಪುಸ್ತಿಕೆಯನ್ನು ವಿಕಾರ್ಡ್ ಹಾಗೂ ಯುಟಿಎಫ್-8 ಸಿಎಸ್‌ವಿ ರೂಪಗಳಲ್ಲಿ ರಫ್ತು ಮಾಡಿ, ದಿನಾಂಕದ ಹೆಸರಿಟ್ಟು, ಸುರಕ್ಷಿತವಾದೆಡೆ ಕಾಪಿಡುವ ರೂಢಿಯನ್ನು ಪ್ರತಿಯೊಂದು ಮನೆಯೂ ಕಚೇರಿಯೂ ಬೆಳೆಸಿಕೊಂಡರೆ, ಮುಂದೆ ಯಾವ ಆವೃತ್ತಿ ಬಂದರೂ ಹೋದರೂ ಆ ವಿಳಾಸಗಳು ಅವುಗಳ ಒಡೆಯರ ಕೈಯಲ್ಲಿಯೇ ಉಳಿಯುತ್ತವೆ.